ದೂರದ ಕಣ್ಣು, ನೆರೆಮನೆಯ ಕೈ

ಯೊವಾನ್ನನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ರಾಜಾಧಿಕಾರಿಯೊಬ್ಬನ ಪ್ರಸಂಗ ಬರುತ್ತದೆ. ಅವನ ಮಗ ಕಫೆರ್ನವುಮಿನಲ್ಲಿ ಸಾವಿನಂಚಿನಲ್ಲಿದ್ದಾನೆ. ಯೇಸುಸ್ವಾಮಿ ಕಾನಾ ಊರಿನಲ್ಲಿದ್ದಾರೆ. ನಡುವಿನ ದಾರಿ ಶಿವಮೊಗ್ಗದಿಂದ ಭದ್ರಾವತಿಗಿರುವ ದಾರಿಗಿಂತ ಹೆಚ್ಚು. ಯೇಸು ಆ ಮನೆಗೆ ಹೋಗಲಿಲ್ಲ. ನಿಂತಲ್ಲಿಂದಲೇ ಮಾತು ಕೊಟ್ಟರು. ಮರಳುವ ಹಾದಿಯಲ್ಲಿ ಎದುರಾದ ಸೇವಕರನ್ನು ತಂದೆ ಕೇಳಿದ್ದು ಒಂದೇ ಪ್ರಶ್ನೆ: ಮಗ ಚೇತರಿಸಿಕೊಂಡದ್ದು ಎಷ್ಟು ಹೊತ್ತಿಗೆ? ದೂರದಲ್ಲಿರುವ ರೋಗಿಯ ಸ್ಥಿತಿಯನ್ನು ಗಳಿಗೆಗಳಿಗೆಗೂ ಅರಿಯಬೇಕೆಂಬ ಆ ತಂದೆಯ ಹಂಬಲ ಇಂದು ನಮ್ಮ ಮನೆಗಳಲ್ಲಿ ಯಂತ್ರರೂಪ ತಾಳಿದೆ.

ಈ ಯತ್ನ ಹೊಸದೇನಲ್ಲ. 1905ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಟ್‌ಹೋವನ್ ಎಂಬ ವಿಜ್ಞಾನಿ, ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತಗಳನ್ನು ದೂರವಾಣಿಯ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯದಲ್ಲಿ ದಾಖಲಿಸಿದರು. ಅವರ ಇಸಿಜಿ ಯಂತ್ರ ರೋಗಿಯ ಬಳಿಗೆ ಒಯ್ಯಲಾಗದಷ್ಟು ಭಾರವಾಗಿತ್ತು. ನಮ್ಮ ರಾಜ್ಯದಲ್ಲಿ 2000ದ ದಶಕದ ಆರಂಭದಲ್ಲಿ ಇಸ್ರೋದ ಉಪಗ್ರಹ ಸಂಪರ್ಕವು ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬೆಸೆಯಿತು. 2020ರ ಕೊರೋನಾ ಕಾಲದಲ್ಲಂತೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಳ್ಳಿಹಳ್ಳಿಗೂ ಬಂತು. ಅದರ ಮೂಲತತ್ತ್ವವನ್ನು 1970ರ ದಶಕದಲ್ಲಿ ರೂಪಿಸಿದ ಜಪಾನಿನ ತಕುವೊ ಅವೊಯಾಗಿ ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಹೆಸರನ್ನು ಅರಿಯದ ಕೋಟ್ಯಂತರ ಮನೆಗಳಲ್ಲಿ ಆಗ ಅವರ ದೀಪ ಬೆರಳ ತುದಿಯಲ್ಲಿ ಮಿನುಗುತ್ತಿತ್ತು.

ಈ ಉಪಕರಣಗಳ ಅಗತ್ಯ ಏನೆಂಬುದನ್ನು ಭದ್ರಾವತಿಯಂಥ ಊರಿಗೆ ವಿವರಿಸಬೇಕಾಗಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ, ಅನಂತರ ಬಂದ ಕಾಗದದ ಕಾರ್ಖಾನೆ, ಇವೆರಡನ್ನೂ ನಂಬಿ ಬೆಳೆದ ಊರು ಅದು. ಕಾಗದದ ಕಾರ್ಖಾನೆ ಮುಚ್ಚಿತು. ಕಬ್ಬಿಣದ ಕಾರ್ಖಾನೆ ಸೊರಗಿತು. ಮಕ್ಕಳು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದರು. ಹಂಚಿನ ಮನೆಗಳಲ್ಲಿ ಹಿರಿಯರು ಉಳಿದರು.

ಅಂಥ ಹಿರಿಯರೊಬ್ಬರ ವಿಷಯ ಹೇಳುತ್ತೇನೆ. ಊದುಕುಲುಮೆಯ ಮುಂದೆ ಮೂವತ್ತು ವರ್ಷ ದುಡಿದವರು. ಪತ್ನಿ ತೀರಿಕೊಂಡಿದ್ದಾರೆ. ಹೃದಯ ದುರ್ಬಲವಾಗಿದೆಯೆಂದು ವೈದ್ಯರು ಹೇಳಿದ ಮೇಲೆ ಕುವೈತಿನಲ್ಲಿರುವ ಮಗ ಕೈಗೆ ಕಟ್ಟುವ ಒಂದು ಉಪಕರಣವನ್ನೂ ತೂಕದ ಯಂತ್ರವನ್ನೂ ತಂದುಕೊಟ್ಟ. ನಾಡಿ, ಆಮ್ಲಜನಕ, ತೂಕ ಎಲ್ಲವೂ ತಂತಿಯಿಲ್ಲದೆ ಅವನ ಮೊಬೈಲಿಗೆ ತಲುಪುತ್ತಿದ್ದವು. ತೂಕವೇಕೆಂದು ನಾನು ಕೇಳಿದ್ದೆ. ಹೃದಯ ಸೋತಾಗ ದೇಹದಲ್ಲಿ ನೀರು ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಅಪಾಯದ ಸೂಚನೆ ಎಂದು ಅವನು ತಿಳಿಸಿದ.

ನಾನು ಹಿಂದೆ ಅವರ ಧರ್ಮಕೇಂದ್ರದಲ್ಲಿದ್ದೆ, ಈಗ ಶಿವಮೊಗ್ಗದಲ್ಲಿದ್ದೇನೆ. ತಿಂಗಳಿಗೊಮ್ಮೆ ಬರುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. ಉಪಕರಣ ಬಂದ ಮೇಲೆ ನನ್ನ ಭೇಟಿ ದೂರವಾಣಿ ಕರೆಯಾಯಿತು. ಮಗ ನೋಡಿಕೊಳ್ಳುತ್ತಿದ್ದಾನಲ್ಲ ಎಂಬ ಸಮಾಧಾನ ನನಗೆ. "ಚೆನ್ನಾಗಿದ್ದೇನೆ ಫಾದರ್" ಎಂಬ ಅವರ ಮಾತನ್ನು ನಾನು ನಂಬಿದೆ.

ಒಂದು ರಾತ್ರಿ ಒಂದು ಗಂಟೆಗೆ ನನ್ನ ದೂರವಾಣಿ ಮೊಳಗಿತು. ಕುವೈತಿನಲ್ಲಿ ಆಗ ಹತ್ತೂವರೆ. "ಫಾದರ್, ಅಪ್ಪನ ಆಮ್ಲಜನಕ ಇಳಿಯುತ್ತಿದೆ, ಫೋನ್ ಎತ್ತುತ್ತಿಲ್ಲ" ಎಂದು ಮಗ ಅಳುತ್ತಿದ್ದ. ನೆರೆಮನೆಯವರ ನಂಬರ್ ಅವನಲ್ಲಿರಲಿಲ್ಲ. ಐದು ವರ್ಷ ಅದೇ ಊರಿನಲ್ಲಿದ್ದ ನನ್ನಲ್ಲೂ ಇರಲಿಲ್ಲ. ಅಲ್ಲಿನ ಗುರುಗಳನ್ನು ಎಬ್ಬಿಸಿದೆ. ಅವರು ಓಡಿದರು. ಬಾಗಿಲಿಗೆ ಒಳಗಿನಿಂದ ಅಗುಳಿ. ಸದ್ದಿಗೆ ಎದ್ದು ಬಂದ ಪಕ್ಕದ ಮನೆಯ ಹುಡುಗ, ಅವನು ಕ್ರೈಸ್ತನೂ ಅಲ್ಲ, ಮಾಡಿನ ಹಂಚು ತೆಗೆದು ಒಳಗಿಳಿದ. ಹಿರಿಯರು ಮಂಚದ ಮೇಲೆ ಕುಳಿತು ಉಸಿರಿಗಾಗಿ ಏದುತ್ತಿದ್ದರು. ಎದ್ದು ಅಗುಳಿ ತೆಗೆಯುವ ಶಕ್ತಿ ಇರಲಿಲ್ಲ. ಆಂಬುಲೆನ್ಸ್ ಅವರನ್ನು ಶಿವಮೊಗ್ಗಕ್ಕೆ ತಂದಿತು. ದೇವರ ದಯೆ, ಉಳಿದರು.

ಮರುದಿನ ಆಸ್ಪತ್ರೆಯಲ್ಲಿ ಅವರ ಕಾಲುಗಳನ್ನು ನೋಡಿದೆ. ಬಾತಿದ್ದವು. ನಾಲ್ಕು ದಿನಗಳಿಂದ ಚಪ್ಪಲಿ ಕಾಲಿಗೆ ಏರುತ್ತಿರಲಿಲ್ಲವಂತೆ. ತೂಕದ ಯಂತ್ರ ಅದನ್ನು ಅಂಕಿಗಳಲ್ಲಿ ಹೇಳಿತ್ತು. ಮಗ ಕೇಳಿದಾಗ ಇವರು "ಏನಿಲ್ಲ" ಎಂದಿದ್ದರು. ಒಬ್ಬರಾದರೂ ಮನೆಯೊಳಗೆ ಕಾಲಿಟ್ಟಿದ್ದರೆ ಆ ಪಾದಗಳನ್ನು ಕಂಡು ಆ "ಏನಿಲ್ಲ" ಎಂಬ ಮಾತನ್ನು ನಂಬುತ್ತಿರಲಿಲ್ಲ. ಹೋಗಬೇಕಾಗಿದ್ದವನು ನಾನು.

ಯಂತ್ರವನ್ನು ನಾನು ದೂರುವುದಿಲ್ಲ. ಇಪ್ಪತ್ತು ಹೆಜ್ಜೆ ದೂರದವರಿಗೆ ತಿಳಿಯದ್ದನ್ನು ಅದು ಸಮುದ್ರದಾಚೆಯ ಮಗನಿಗೆ ತಿಳಿಸಿತು; ಅದಿಲ್ಲದಿದ್ದರೆ ಬೆಳಗಿನವರೆಗೆ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಆದರೆ ಅದಕ್ಕೆ ಅಗುಳಿ ತೆಗೆಯಲು ಬರುವುದಿಲ್ಲ. ಕಾನಾದಲ್ಲಿದ್ದುಕೊಂಡೇ ಗುಣಪಡಿಸುವುದು ಪ್ರಭುವಿಗೆ ಸಾಧ್ಯ. ನಮಗೆ ದೊರೆತಿರುವ ಪಾತ್ರ ಮಾರ್ಕನ ಶುಭಸಂದೇಶದ ಆ ನಾಲ್ವರದು: ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ದಾರಿ ಕಾಣದಾಗ ಮಾಡನ್ನೇ ತೆರೆದವರದು. ಆ ರಾತ್ರಿ ಆ ಪಾತ್ರವನ್ನು ನಿರ್ವಹಿಸಿದವನು ಶುಭಸಂದೇಶವನ್ನು ಓದಿರದ ಹುಡುಗ.

ಈಗ ಹಿರಿಯರ ಮನೆಗೆ ಹೊರಗಿನಿಂದಲೂ ತೆರೆಯಬಹುದಾದ ಬೀಗ ಹಾಕಿಸಲಾಗಿದೆ. ಒಂದು ಕೀಲಿಕೈ ಆ ಹುಡುಗನ ತಾಯಿಯ ಬಳಿ, ಇನ್ನೊಂದು ಧರ್ಮಕೇಂದ್ರದಲ್ಲಿ. ಮಗನ ಮೊಬೈಲಿನಲ್ಲಿ ಮೂವರು ನೆರೆಯವರ ನಂಬರ್‌ಗಳಿವೆ. ನಾನು ತಿಂಗಳಿಗೊಮ್ಮೆ ಬಸ್ಸು ಹತ್ತುತ್ತೇನೆ.

ಫೆಬ್ರವರಿ 11ರಂದು ವಿಶ್ವ ರೋಗಿಗಳ ದಿನವನ್ನು ಆಚರಿಸುವಾಗ ಪ್ರಾರ್ಥನೆಯ ಜೊತೆಗೆ ಇಷ್ಟು ಮಾಡೋಣ. ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು, ಅವರ ಮಕ್ಕಳ ನಂಬರ್ ನಮ್ಮಲ್ಲಿದೆಯೇ, ನಮ್ಮದು ಅವರಲ್ಲಿದೆಯೇ, ರಾತ್ರಿ ಒಂದು ಗಂಟೆಗೆ ಆ ಬಾಗಿಲನ್ನು ತೆರೆಯಬಲ್ಲವರು ಯಾರು ಎಂದು ಕೇಳಿಕೊಳ್ಳೋಣ. ಉತ್ತರ ಸಿಗದಿದ್ದರೆ ಅಂದು ಸಂಜೆಯೇ ಹೋಗಿ ಆ ಮನೆಯ ಬಾಗಿಲು ತಟ್ಟೋಣ.