ಲೀಡ್ಸ್ ಡೈರಿ – 14: ಅಪ್ಪನಿಗೊಂದು ಲೆನ್ಸ್

ಈ ಸಲ ರಜೆಗೆ ಬರುವಾಗ ರೀಲ್ ಕ್ಯಾಮೆರಾನೂ ತರ್ತೀನಿ. ಬ್ಯಾಗಲ್ಲಿ ಜಾಗ ಇರೋದು ಒಂದೇ ಜೂಮ್ ಲೆನ್ಸ್‌ಗೆ. ನನ್ನ ನಿಕಾನ್ ಎಫ್‌ಎಂಗೆ ಇಲ್ಲಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಎರಡು ಸಿಕ್ಕಿವೆ. ಎರಡೂ 1980ರ ದಶಕದ ಸೀರೀಸ್ ಇ: ಒಂದು 70-210 ಎಫ್/4, ಇನ್ನೊಂದು 75-150 ಎಫ್/3.5.

ದೊಡ್ಡದು ದೂರದ್ದನ್ನ ಚೆನ್ನಾಗಿ ಹತ್ತಿರ ತರುತ್ತೆ, ಆದ್ರೆ ತೂಕ 730 ಗ್ರಾಂ. 210ರಲ್ಲಿ ಕೈಯಲ್ಲೇ ಹಿಡಿದು ಅಲುಗದ ಫೋಟೋ ತೆಗೆಯೋಕೆ 1/250 ಸೆಕೆಂಡ್ ಬೇಕು. ಸಂಜೆ ನಮ್ಮ ಜಗಲಿ ಬೆಳಕಿಗೆ, 400ರ ರೀಲ್ ಹಾಕಿದ್ರೂ ಅದು ಕಷ್ಟ. ಚಿಕ್ಕದು 520 ಗ್ರಾಂ, ಬೆಳಕೂ ಸ್ವಲ್ಪ ಜಾಸ್ತಿ ಬಿಡುತ್ತೆ, ಉಸಿರು ಹಿಡಿದ್ರೆ 1/125ರಲ್ಲೇ ಸುಧಾರಿಸಬಹುದು. ಇದು ಹಳೇದಾದಷ್ಟೂ ಜೂಮ್ ರಿಂಗ್ ಸಡಿಲ ಆಗುತ್ತೆ, ಕೆಳಗೆ ಬಗ್ಗಿಸಿದ್ರೆ ತಾನೇ ಜಾರುತ್ತೆ. ನೇರ ಹಿಡಿದ್ರೆ ತೊಂದ್ರೆ ಇಲ್ಲ.

ನಿಮಗೆಲ್ಲ ಗೊತ್ತಲ್ಲ, ಅಪ್ಪ ಕ್ಯಾಮೆರಾ ಕಂಡ್ರೆ ಆಧಾರ್ ಕಾರ್ಡ್ ಮುಖ ಮಾಡ್ತಾರೆ. ಸಂಜೆ ರೇಡಿಯೋ ಕೇಳ್ತಾ ತಮ್ಮಷ್ಟಕ್ಕೆ ನಗೋ ಅಪ್ಪನ ಒಂದು ಫೋಟೋನೂ ಮನೇಲಿಲ್ಲ. ಅವರಿಗೀಗ 81. ಅಂಗಳದ ಆ ತುದಿ ತೆಂಗಿನಮರದ ಹತ್ರ ನಿಂತ್ರೆ 150 ಸಾಕು. ಚಿಕ್ಕದನ್ನೇ ತರ್ತೀನಿ.

ಯಾರೂ ಅಪ್ಪನಿಗೆ ಹೇಳಬೇಡ್ರಪ್ಪ!