ಕಾಲೂರಿ ನಿಲ್ಲುವ ತಾವು

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ, ಆಕ್ಲೆಂಡ್ ನಗರವನ್ನು ಬಿಟ್ಟು ದಕ್ಷಿಣಕ್ಕೆ ಸುಮಾರು 70 ಮೈಲಿ ನಡೆದರೆ ಎರಡು ನದಿಗಳು ಕೂಡುವ ಒಂದು ತಾಣವುಂಟು. ಒಂದು ವೈಕಾಟೊ, ತಾವುಪೊ ಎಂಬ ಮಹಾಸರೋವರದ ನೀರನ್ನು ಹೊತ್ತು ಟಾಸ್ಮನ್ ಸಮುದ್ರಕ್ಕೆ ಹರಿಯುವ ಈ ನದಿ 264 ಮೈಲಿ ಉದ್ದವಾಗಿದ್ದು ಆ ದೇಶದ ನದಿಗಳಲ್ಲೆಲ್ಲ ದೀರ್ಘವಾದುದು. ಇನ್ನೊಂದು ವೈಪಾ, ಗಾತ್ರದಲ್ಲಿ ಕಿರಿದು, ಮಳೆ ಬಿದ್ದಾಗ ಕೆಸರಿನ ಬಣ್ಣದ್ದು. ಸಂಗಮದ ಮೂಲೆಯಲ್ಲಿ ಹುಲ್ಲುಹಾಸಿನ ಒಂದು ನಾಲಗೆ ನೀರಿನೊಳಕ್ಕೆ ಚಾಚಿಕೊಂಡಿದೆ. ಪಶ್ಚಿಮಕ್ಕೆ ಹಕರಿಮಾಟ ಬೆಟ್ಟಸಾಲು ಕಡುಹಸುರಾಗಿ ನಿಂತಿದೆ. ನಮ್ಮ ಕಡೆಯ ಯಾತ್ರಿಕನಿಗೆ ಇಂಥಲ್ಲಿ ಒಂದು ಗುಡಿಯೂ ಸ್ನಾನಘಟ್ಟವೂ ಇರಬೇಕೆನಿಸುವುದು ಸಹಜ. ಗುಡಿಯೇನೂ ಇಲ್ಲ, ಆದರೆ ಸ್ಥಳಕ್ಕೆ ಮಹಿಮೆಯಿಲ್ಲವೆನ್ನುವಂತಿಲ್ಲ.

ಊರಿನ ಹೆಸರು ಙಾರುವಾಹಿಯಾ. ಕನ್ನಡದ ಅಕ್ಷರಮಾಲೆಯಲ್ಲಿ ಸ್ಥಾನವುಂಟಾದರೂ ಕೆಲಸವಿಲ್ಲದೆ ಕುಳಿತಿರುವ ಙಕಾರಕ್ಕೆ ಮಾವೊರಿ ಭಾಷೆಯಲ್ಲಿ ಪದದ ಮೊದಲಲ್ಲೇ ಪಟ್ಟ ದೊರೆತಿದೆ. 'ಕಣಜದ ಕುಳಿಗಳನ್ನು ಒಡೆಯಿರಿ' ಎಂಬುದು ಹೆಸರಿನ ಅರ್ಥ. ಹಿಂದೆ ಒಬ್ಬ ನಾಯಕನು ಬಂದ ನೆಂಟರಿಗೆ ಉಣಿಸಲೆಂದು ಗೆಣಸಿನ ಕುಳಿಗಳನ್ನು ತೆರೆಯಿಸಿದನಂತೆ. ಊಟಕ್ಕೆ ಕರೆದ ದನಿಯೇ ಊರಿನ ಹೆಸರಾಗಿ ನಿಂತಿರುವುದು ಲೋಕದಲ್ಲಿ ವಿರಳ. 'ವೈ' ಎಂದರೆ ಆ ನುಡಿಯಲ್ಲಿ ನೀರು. 'ಯಾರು' ಎಂಬ ಪ್ರಶ್ನೆಗೂ ಅದೇ ಪದ. ನೀನು ಯಾರೆಂದು ಕೇಳಿದರೆ, ನೀನು ಯಾವ ನೀರಿನವನೆಂದು ಕೇಳಿದಂತೆಯೂ ಕಿವಿಗೆ ಬೀಳುತ್ತದೆ. ಕೇಳಿಸಿಕೊಂಡವನು ಉತ್ತರ ಕೊಡುವ ಕ್ರಮವೂ ಹಾಗೆಯೇ. ಮೊದಲು ತನ್ನ ಬೆಟ್ಟದ ಹೆಸರು, ಬಳಿಕ ನದಿಯ ಹೆಸರು, ಪೂರ್ವಜರು ಕಡಲು ದಾಟಿ ಬಂದ ದೋಣಿಯ ಹೆಸರು, ಕುಲದ ಹೆಸರು. ತನ್ನ ಸ್ವಂತ ಹೆಸರು ಎಲ್ಲಕ್ಕೂ ಕಡೆಗೆ.

ಇದನ್ನು ವಿನಯವೆಂದು ಮಾತ್ರ ತಿಳಿದರೆ ತಪ್ಪಾದೀತು. ಮನುಷ್ಯನೆಂಬುವನು ಎಲ್ಲಿಂದ ಆರಂಭವಾಗುತ್ತಾನೆ, ಎಲ್ಲಿಗೆ ಮುಗಿಯುತ್ತಾನೆ ಎಂಬ ಪ್ರಶ್ನೆಗೆ ಮಾವೊರಿ ಜನ ಕೊಟ್ಟುಕೊಂಡಿರುವ ಉತ್ತರವೇ ಇದರಲ್ಲಿದೆ. ಅವರ ಮಾತಿನಲ್ಲಿ 'ಫೆನುವಾ' ಎಂದರೆ ನೆಲ. ಮಗುವಿನ ಮಾಸಿಗೂ ಅದೇ ಹೆಸರು. ಹೆರಿಗೆಯಾದ ಮೇಲೆ ಮಾಸನ್ನು ಕುಲದ ನೆಲದಲ್ಲಿ ಹೂಳುತ್ತಾರೆ. ನಮ್ಮ ಹಳ್ಳಿಗಳಲ್ಲೂ ಮಾಸನ್ನು ಹೂಳುವ ವಾಡಿಕೆಯಿದೆ. ಆದರೆ ಎರಡಕ್ಕೂ ಒಂದೇ ಪದವನ್ನಿಡುವಷ್ಟು ದೂರ ನಾವು ಹೋಗಲಿಲ್ಲ. 'ಹಪೂ' ಎಂದರೆ ಗರ್ಭಿಣಿ, 'ಹಪೂ' ಎಂದರೆ ಒಳಕುಲ. 'ಈವಿ' ಎಂದರೆ ಎಲುಬು, 'ಈವಿ' ಎಂದರೆ ಕುಲ. ಇಂಥ ಭಾಷೆಯನ್ನಾಡುವವನನ್ನು ಅವನ ನೆಲದಿಂದ ಕಿತ್ತು ಬೇರೆಡೆಗೆ ಒಗೆದರೆ ಅವನು ಬಡವನಾಗುವುದಷ್ಟೇ ಅಲ್ಲ, ರೋಗಿಯೂ ಆಗುತ್ತಾನೆ. ಙಾರುವಾಹಿಯಾದ ಚರಿತ್ರೆಯಲ್ಲಿ ನಡೆದುದು ಅದೇ.

1858ರಲ್ಲಿ ಹಲವು ಕುಲಗಳು ಕೂಡಿ, ಮಾರಾಟವಾಗುತ್ತಿದ್ದ ನೆಲವನ್ನು ಉಳಿಸಿಕೊಳ್ಳುವ ಸಲುವಾಗಿ, ಪೋತತಾವು ತೆ ಫೆರೊಫೆರೊ ಎಂಬ ವೃದ್ಧ ನಾಯಕನನ್ನು ಇಲ್ಲಿ ತಮ್ಮ ಮೊದಲ ಅರಸನನ್ನಾಗಿ ನಿಲ್ಲಿಸಿದವು. ಆಗ ವೈಕಾಟೊ ಬಯಲು ಗೋಧಿಯ ಹೊಲಗಳಿಂದ ತುಂಬಿತ್ತು. ಹಳ್ಳಿಗರೇ ಹಣ ಕೂಡಿಸಿ ಕಟ್ಟಿದ ಹಿಟ್ಟಿನ ಗಿರಣಿಗಳು ತಿರುಗುತ್ತಿದ್ದವು. ಆಕ್ಲೆಂಡಿನ ಬಿಳಿಯರು ತಿನ್ನುವ ರೊಟ್ಟಿಗೆ ಮಾವೊರಿಗಳ ಗೋಧಿ ದೋಣಿಯಲ್ಲಿ ಹೋಗುತ್ತಿತ್ತು. 1863ರ ಜುಲೈಯಲ್ಲಿ ಬ್ರಿಟಿಷ್ ಸೇನೆ ಮಂಗತಾಫಿರಿ ಹಳ್ಳವನ್ನು ದಾಟಿತು. ಡಿಸೆಂಬರಿನ ಹೊತ್ತಿಗೆ ಙಾರುವಾಹಿಯಾ ಅದರ ವಶವಾಗಿತ್ತು. ದಂಗೆಯ ದಂಡನೆಯೆಂಬ ಹೆಸರಿನಲ್ಲಿ ಸುಮಾರು 12 ಲಕ್ಷ ಎಕರೆ ಭೂಮಿ ಸರಕಾರಕ್ಕೆ ಮುಟ್ಟುಗೋಲಾಯಿತು. ಎರಡನೆಯ ಅರಸ ತಾಫಿಯಾವೊ ತನ್ನ ಜನರೊಡನೆ ದಕ್ಷಿಣದ ಗುಡ್ಡಗಾಡಿನಲ್ಲಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಕಳೆದು, 1881ರಲ್ಲಿ ಆಯುಧಗಳನ್ನು ಕೆಳಗಿಟ್ಟು ಹೊರಬಂದ. ಅಷ್ಟರಲ್ಲಿ ಹೊಲಗಳು ಬೇರೆಯವರವಾಗಿದ್ದವು. ಆದರೂ ಆತ ಙಾರುವಾಹಿಯಾವನ್ನು ತನ್ನ 'ತೂರಂಗವೈವೈ' ಎಂದು ಕರೆದ. ಕಾಲೂರಿ ನಿಲ್ಲುವ ತಾವು ಎಂದು ಅದರ ಅರ್ಥ.

ಈ ಮಾತನ್ನು ಹಿಡಿದು ನಡೆದವಳು ಆತನ ಮೊಮ್ಮಗಳು. 1883ರಲ್ಲಿ ಹುಟ್ಟಿದ ತೆ ಪುಯೆಯಾ ಹೆರಂಗಿಯ ಕತೆ ಯಾವ ಧಾರಾವಾಹಿ ಕಾದಂಬರಿಗೂ ಕಡಿಮೆಯಾದುದಲ್ಲ. 1913ರಲ್ಲಿ ಸಿಡುಬು ಬಂದಾಗ ಆಕೆ ಮಂಗತಾಫಿರಿಯ ಬಳಿ ತಾಳೆಗರಿಯ ಗುಡಿಸಲುಗಳನ್ನು ಕಟ್ಟಿಸಿ, ರೋಗಿಗಳನ್ನು ಅಲ್ಲಿ ಬೇರೆಯಾಗಿ ಇರಿಸಿ ಆರೈಕೆ ಮಾಡಿದಳು. ಆ ಗುಡಿಸಲುಗಳಲ್ಲಿ ಒಬ್ಬರೂ ಸಾಯಲಿಲ್ಲ. ಜನ ಸರಕಾರಿ ಆಸ್ಪತ್ರೆಗೆ ಹೋಗಲೊಲ್ಲದೆ ಇದ್ದುದೇ ಆಕೆ ಈ ಕೆಲಸಕ್ಕೆ ಕೈಹಾಕಿದುದಕ್ಕೆ ಕಾರಣ. ಆಸ್ಪತ್ರೆಯೆಂದರೆ ಅವರಿಗೆ ಸಾಯುವುದಕ್ಕೆ ಹೋಗುವ ಸ್ಥಳ. ಅಲ್ಲಿ ತಲೆ ತೊಳೆದ ಬೋಗುಣಿಯನ್ನೇ ಬೇರೆ ಕೆಲಸಕ್ಕೂ ಬಳಸುವರು. ತಲೆಯಿಟ್ಟ ದಿಂಬಿನ ಮೇಲೆ ಕೂರುವರು. ತಲೆ ದೇಹದಲ್ಲೆಲ್ಲ ಪವಿತ್ರವಾದುದೆಂದು ನಂಬಿದ ಜನಕ್ಕೆ ಇದರಿಂದಲೇ ಅರ್ಧ ಪ್ರಾಣ ಹೋಗುವುದು. ನಮ್ಮಲ್ಲಿ ಎಂಜಲು, ಮಡಿ ಎಂದು ಜೀವ ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1918ರ ಇನ್‌ಫ್ಲುಯೆಂಜ ಮಾತ್ರ ಯಾವ ಗುಡಿಸಲಿಗೂ ಮಣಿಯಲಿಲ್ಲ. ನ್ಯೂಜಿಲೆಂಡಿನಲ್ಲಿ ಸತ್ತವರು ಸುಮಾರು 9,000. ಅವರಲ್ಲಿ ಮಾವೊರಿಗಳು ಸುಮಾರು 2,500. ಜನಸಂಖ್ಯೆಗೆ ಹೋಲಿಸಿದರೆ ಬಿಳಿಯರಿಗಿಂತ ಏಳೆಂಟು ಪಟ್ಟು ಹೆಚ್ಚು. ಒಂದೇ ಗಾಳಿ, ಒಂದೇ ರೋಗ. ಆದರೆ ಒಬ್ಬನು ಒಣಗಿದ ನೆಲದ ಮೇಲಿನ ಮರದ ಮನೆಯಲ್ಲಿದ್ದ, ಇನ್ನೊಬ್ಬನು ಜೌಗಿನ ಮೇಲಿನ ಗುಡಿಸಲಿನಲ್ಲಿದ್ದ. ಆತ ಜೌಗಿಗೆ ಬಂದುದು ಹೇಗೆಂಬುದಕ್ಕೆ 1863ಕ್ಕೆ ಹಿಂದಿರುಗಬೇಕು. ಮಂಗತಾಫಿರಿಯ ವಸತಿಯಲ್ಲಿ ನಾಲ್ಕರಲ್ಲಿ ಒಬ್ಬರು ಸತ್ತರು. ತಾನೂ ಹಾಸಿಗೆ ಹಿಡಿದೆದ್ದ ತೆ ಪುಯೆಯಾ ನೂರರಷ್ಟು ಅನಾಥ ಮಕ್ಕಳನ್ನು ಒಟ್ಟುಗೂಡಿಸಿಕೊಂಡಳು. 1921ರಲ್ಲಿ ಆ ಮಕ್ಕಳನ್ನೂ ಉಳಿದವರನ್ನೂ ಕರೆದುಕೊಂಡು ನದಿಯ ಮೇಲಕ್ಕೆ ಬಂದು, ಅಜ್ಜ ಹೇಳಿದ ತಾವಿನಲ್ಲಿ ದುಡ್ಡು ಕೊಟ್ಟು ಕೊಂಡಿದ್ದ ಹತ್ತು ಎಕರೆ ನೆಲದಲ್ಲಿ ನೆಲೆಯೂರಿದಳು. ಒಂದು ಕಾಲಕ್ಕೆ ತಮ್ಮದೇ ಆಗಿದ್ದ ನೆಲ! ಮುಳ್ಳುಪೊದೆ ಬೆಳೆದು ಊರಿನ ಕಸ ಸುರಿಯುತ್ತಿದ್ದ ಜಾಗ ಅದು. ಊರಿನ ಬಿಳಿಯರು ಇವರನ್ನು ಎಬ್ಬಿಸಿ ಕಳಿಸಲು ಯತ್ನಿಸಿದರು. ಇವರು ಏಳಲಿಲ್ಲ, ಪೊದೆ ಕಡಿದರು, ಹಾಡುಕುಣಿತದ ತಂಡ ಕಟ್ಟಿಕೊಂಡು ಊರೂರು ತಿರುಗಿ ಹಣ ತಂದರು.

ಆ ಹಣದಿಂದ ಎದ್ದ ಮುಖ್ಯ ಕಟ್ಟಡ ಮಾಹಿನಾರಂಗಿ, 1929ರಲ್ಲಿ ತೆರೆದದ್ದು. ಕೆತ್ತನೆಯ ಮುಂಭಾಗವುಳ್ಳ ಈ ಮನೆ ಮಾವೊರಿ ಶಿಲ್ಪದ ಮಾದರಿಯೆಂದು ಚಿತ್ರಗಳಲ್ಲಿ ಹೆಸರಾಗಿದೆ. ಆದರೆ ತೆ ಪುಯೆಯಾಳ ಮನಸ್ಸಿನಲ್ಲಿದ್ದುದು ಆಸ್ಪತ್ರೆ. ತನ್ನ ಜನರು ಹೆದರದೆ ಮಲಗಬಹುದಾದ, ಮಾಡಿನ ಕೆಳಗೆ ಪೂರ್ವಜರು ಕಾವಲಿರುವ ಆಸ್ಪತ್ರೆ! ಮಾವೊರಿಗಳ ಸಭಾಗೃಹ ಬರಿಯ ಮನೆಯಲ್ಲ, ಒಬ್ಬ ಪೂರ್ವಜನ ದೇಹ: ನಡುತೊಲೆ ಅವನ ಬೆನ್ನೆಲುಬು, ಜಂತೆಗಳು ಪಕ್ಕೆಲುಬು, ಮುಂಭಾಗದ ಇಳಿಜಾರು ಹಲಗೆಗಳು ಚಾಚಿದ ತೋಳು. ಒಳಹೊಕ್ಕವನು ಹಿರಿಯನ ಎದೆಯೊಳಗೆ ಮಲಗಿದಂತೆ. ಈ ಆಸೆ ಕೈಗೂಡಲಿಲ್ಲ. ಮಾಹಿನಾರಂಗಿ ಆಸ್ಪತ್ರೆಯಾಗದೆ ಅತಿಥಿಗಳನ್ನು ಬರಮಾಡಿಕೊಳ್ಳುವ ಮನೆಯಾಯಿತು.

ಆ ಕಾಲದ ಕಾನೂನಿನ ಗಾಳಿಯೂ ಬೇರೆಯಾಗಿತ್ತು. 1907ರಲ್ಲಿ ಪಾರ್ಲಿಮೆಂಟು 'ತೊಹುಂಗ'ರನ್ನು, ಎಂದರೆ ಮಂತ್ರ ಮೂಲಿಕೆಗಳನ್ನು ಬಲ್ಲ ಪಂಡಿತರನ್ನು, ದಮನ ಮಾಡುವ ಶಾಸನವನ್ನು ತಂದಿತ್ತು. ಅದನ್ನು ಬೆಂಬಲಿಸಿದವರಲ್ಲಿ ಮಾವೊರಿಗಳ ಮೊದಲ ವೈದ್ಯ ಮಾವುಯಿ ಪೋಮರೆಯೂ ಒಬ್ಬನೆಂಬುದನ್ನು ಮರೆಯಬಾರದು. ಜ್ವರದ ಮಕ್ಕಳನ್ನು ತಣ್ಣೀರಿನಲ್ಲಿ ಮುಳುಗಿಸುವ ಅಜ್ಞಾನಿಗಳೂ ತೊಹುಂಗರ ಹೆಸರಿನಲ್ಲಿ ಇದ್ದರು. ಅವನ ಸಿಟ್ಟಿಗೆ ಕಾರಣವಿತ್ತು. ಆದರೆ ಶಾಸನಕ್ಕೆ ಕಾಳನ್ನೂ ಜೊಳ್ಳನ್ನೂ ಬೇರೆ ಮಾಡುವ ಮೊರವಿರಲಿಲ್ಲ. ಮೂಲಿಕೆಯ ತಿಳಿವು, ನೊಂದವನನ್ನು ಮಾತಾಡಿಸುವ ವಿದ್ಯೆ, ಮುರಿದ ನಂಟನ್ನು ಕೂಡಿಸುವ ಕ್ರಮ, ಎಲ್ಲವೂ ಕದ್ದು ಮಾಡುವ ಕೆಲಸವಾದವು. ಶಾಸನ ರದ್ದಾದುದು 1962ರಲ್ಲಿ.

ಮನಸ್ಸಿನ ರೋಗದ ವಿಷಯದಲ್ಲಿ ಈ ಅಂತರ ಇನ್ನೂ ಆಳವಾದುದು. ಮಾವೊರಿಗಳಲ್ಲಿ ಸತ್ತವನನ್ನು ಒಂಟಿಯಾಗಿ ಬಿಡುವುದಿಲ್ಲ. ತೆರೆದ ಪೆಟ್ಟಿಗೆಯಲ್ಲಿ ಮಲಗಿಸಿ ಮೂರು ದಿನ ಬಂಧುಗಳು ಸುತ್ತ ಕುಳಿತಿರುತ್ತಾರೆ. ಭಾಷಣಕಾರನು ಸತ್ತವನಿಗೇ ಎದುರುನಿಂತು ಮಾತಾಡುತ್ತಾನೆ, ಬೈಯುತ್ತಾನೆ, ಹೋಗಿಬಾ ಎನ್ನುತ್ತಾನೆ. ಇಂಥ ಮನೆಯ ಹೆಣ್ಣುಮಗಳು ತೀರಿಹೋದ ಅಜ್ಜಿಯ ದನಿ ಕೇಳಿತೆಂದು ಅಪರಿಚಿತ ವೈದ್ಯನ ಮುಂದೆ ಹೇಳಿದರೆ, ಅವನು ಅದನ್ನು ರೋಗಲಕ್ಷಣವೆಂದು ಬರೆದುಕೊಂಡಾನು. ಬೆಟ್ಟ ನದಿಗಳ ಹೆಸರಿನಿಂದ ಮಾತು ಆರಂಭಿಸಬೇಕಾದ ತರುಣನನ್ನು 'ನಿನಗೇನಾಗಿದೆ?' ಎಂದು ಮೊದಲೇ ಕೇಳಿದರೆ ಅವನು ಸುಮ್ಮನಾದಾನು. ಆ ಮೌನವೂ ಕಾಗದವನ್ನೇರೀತು. ವೈಕಾಟೊ ಸೀಮೆಯಲ್ಲೇ ದಕ್ಷಿಣಕ್ಕೆ ಟೊಕನುಯಿ ಎಂಬಲ್ಲಿ 1912ರಿಂದ 1998ರ ವರೆಗೆ ಒಂದು ದೊಡ್ಡ ಮಾನಸಿಕ ಆಸ್ಪತ್ರೆಯಿತ್ತು. ಮಾವೊರಿ ರೋಗಿಗಳನ್ನು ಅವರ ಭಾಷೆ ಆಚಾರಗಳ ನಡುವೆಯೇ ಗುಣಪಡಿಸಲೆಂದು ಅಲ್ಲಿ 'ಫಾಯಿ ಓರ' ಎಂಬ ಘಟಕ ತೆರೆದದ್ದು 1984ರಲ್ಲಿ. ಅದಕ್ಕೆ ಎಪ್ಪತ್ತೆರಡು ವರ್ಷ ಹಿಡಿದಿತ್ತು.

ಅದೇ ಕಾಲಕ್ಕೆ ಮೇಸನ್ ಡ್ಯೂರಿ ಎಂಬ ಮಾವೊರಿ ಮನೋವೈದ್ಯ ತನ್ನ ಜನರ ತಿಳಿವಳಿಕೆಗೆ ಒಂದು ಆಕಾರವನ್ನು ಕೊಟ್ಟ. ಮಾವೊರಿ ಮಹಿಳಾ ಕಲ್ಯಾಣ ಸಂಘದವರು ಹೆಂಗಸರ ಆರೋಗ್ಯವನ್ನು ಮನೆಮನೆಗೆ ಹೋಗಿ ವಿಚಾರಿಸಲು ಹೊರಟಿದ್ದರು; 1951ರಲ್ಲಿ ಹುಟ್ಟಿದ ಆ ಸಂಘದ ಮೊದಲ ಆಶ್ರಯದಾತೆ ನಮ್ಮ ತೆ ಪುಯೆಯಾಳೇ. 1982ರಲ್ಲಿ ಆ ಹೆಂಗಸರ ಮುಂದೆ ಡ್ಯೂರಿ ಆರೋಗ್ಯವನ್ನು ನಾಲ್ಕು ಗೋಡೆಯ ಸಭಾಗೃಹಕ್ಕೆ ಹೋಲಿಸಿದ: ದೇಹ ಒಂದು ಗೋಡೆ, ಮನಸ್ಸು ಒಂದು, ಆತ್ಮ ಒಂದು, ಬಂಧುವರ್ಗ ಒಂದು. ಒಂದು ಕುಸಿದರೆ ಮಾಡೇ ವಾಲುತ್ತದೆ. ಕೇಳಲು ಸರಳ, ಆದರೆ ಬಂಧುವರ್ಗವನ್ನು ರೋಗಿಯ ಹೊರಗಿನ ಅನುಕೂಲವೆಂದು ಎಣಿಸದೆ ಅವನ ಆರೋಗ್ಯದ ಒಂದು ಭಾಗವೆಂದೇ ಎಣಿಸಿದುದು ಸಣ್ಣ ಮಾತಲ್ಲ. ಇಂದು ಆ ನಾಲ್ಕು ಗೋಡೆಗಳ ಚಿತ್ರ ನ್ಯೂಜಿಲೆಂಡಿನ ಶಾಲೆ ಆಸ್ಪತ್ರೆಗಳಲ್ಲೆಲ್ಲ ತೂಗಾಡುತ್ತದೆ. ಚಿತ್ರ ತೂಗುಹಾಕುವುದು ಸುಲಭ. ಮನೆ ನಿಲ್ಲುವ ನೆಲದ ಮಾತು ಬೇರೆ.

ನೆಲದ ಮಾತು 1995ರಲ್ಲಿ ಬಂತು. ಆ ವರ್ಷದ ಮೇ 22ರಂದು ಪ್ರಧಾನಿ ಜಿಮ್ ಬೊಲ್ಜರ್ ಮತ್ತು ರಾಣಿ ತೆ ಅತಾಯಿರಂಗಿಕಾಹು ಇದೇ ಅಂಗಳದಲ್ಲಿ ಒಪ್ಪಂದಕ್ಕೆ ಸಹಿಹಾಕಿದರು. 17 ಕೋಟಿ ಡಾಲರಿನಷ್ಟು ಭೂಮಿ ಮತ್ತು ಹಣ, ಜೊತೆಗೆ ಕ್ಷಮೆಯಾಚನೆ. ಕ್ಷಮೆಯ ಶಾಸನಕ್ಕೆ ಎಲಿಜಬೆತ್ ರಾಣಿ ಸ್ವತಃ ಸಹಿ ಹಾಕಿದಳು. ಕಳೆದುಕೊಂಡುದರ ಬೆಲೆಗೆ ಹೋಲಿಸಿದರೆ ಇದು ಅಲ್ಪವೆಂದು ಎಲ್ಲರೂ ಬಲ್ಲರು. ಆದರೂ 'ತಪ್ಪು ನಮ್ಮದು' ಎಂಬ ಮಾತಿಗೆ ಕಾದು ಸತ್ತ ಮೂರು ನಾಲ್ಕು ತಲೆಮಾರು ಇತ್ತು. ದೇಹಗಳು ಇಷ್ಟು ಬೇಗ ಕ್ಷಮಿಸುವುದಿಲ್ಲ. 2017–19ರ ಲೆಕ್ಕದಲ್ಲಿ ಮಾವೊರಿ ಗಂಡಸಿನ ಸರಾಸರಿ ಆಯುಸ್ಸು 73.4 ವರ್ಷ, ಹೆಂಗಸಿನದು 77.1, ಮಾವೊರಿಯೇತರರದು 80.9 ಮತ್ತು 84.4. ಏಳು ವರ್ಷವೆಂದರೆ ಮೊಮ್ಮಗನಿಗೆ ಬೆಟ್ಟ ನದಿಗಳ ಹೆಸರು ಕಲಿಸಲು ಬೇಕಾಗುವಷ್ಟು ಕಾಲ. ಈ ಅಂತರವನ್ನು ತಗ್ಗಿಸಲೆಂದು 2022ರ ಜುಲೈಯಲ್ಲಿ ಮಾವೊರಿಗಳಿಗೆ ಪ್ರತ್ಯೇಕ ಆರೋಗ್ಯ ಪ್ರಾಧಿಕಾರ ಸ್ಥಾಪಿತವಾಯಿತು. ಸರಕಾರ ಬದಲಾಗಿ 2024ರ ಜೂನ್ ಕೊನೆಗೆ ಅದು ರದ್ದಾಯಿತು. ಎರಡು ವರ್ಷದಲ್ಲಿ ಗಿಡ ಬೇರು ಬಿಟ್ಟಿತೇ ಇಲ್ಲವೇ ಎಂದು ಕಿತ್ತು ನೋಡಿದಂತಾಯಿತು. ಅದೇ 2024ರ ಜನವರಿಯಲ್ಲಿ ಅರಸ ತೂಹೆಯಿಟಿಯಾ ಕರೆ ಕೊಟ್ಟಾಗ ಸುಮಾರು ಹತ್ತು ಸಾವಿರ ಜನ ಈ ಅಂಗಳಕ್ಕೆ ಬಂದು ತಮ್ಮ ಕಳವಳವನ್ನು ತೋಡಿಕೊಂಡಿದ್ದರು.

ತೂರಂಗವೈವೈ ಅಂಗಳಕ್ಕೆ ಕರೆಯಿಲ್ಲದೆ ನುಗ್ಗುವಂತಿಲ್ಲ. ಬಾಗಿಲ ಬಳಿ ಗುಂಪಾಗಿ ನಿಲ್ಲಬೇಕು. ಒಳಗಿನಿಂದ ಒಬ್ಬ ಹೆಂಗಸು ನೀಳವಾದ ದನಿಯಲ್ಲಿ ಬಂದವರನ್ನೂ, ಬಂದವರ ಸತ್ತ ಹಿರಿಯರನ್ನೂ ಕೂಗಿ ಕರೆಯುತ್ತಾಳೆ. ಹೆಜ್ಜೆ ನಿಧಾನ. ಭಾಷಣಗಳು ಮುಗಿದು, ಮೂಗಿಗೆ ಮೂಗು ಒತ್ತಿ ಉಸಿರು ಹಂಚಿಕೊಂಡು, ಕೊನೆಗೆ ಊಟ ಮಾಡಿದ ಮೇಲೆಯೇ ಬಂದವನು ಆ ನೆಲದವನಾಗುವುದು.

ತೂಹೆಯಿಟಿಯಾ ಅರಸ 2024ರ ಆಗಸ್ಟ್ 30ರಂದು ತೀರಿಕೊಂಡ. ಹೃದಯದ ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿದ್ದ, ವಯಸ್ಸು 69. ಸೆಪ್ಟೆಂಬರ್ 5ರಂದು, ಆತನ ಪೆಟ್ಟಿಗೆ ಅಂಗಳ ಬಿಡುವ ಮುನ್ನ, 27 ವರ್ಷದ ಮಗಳು ಙಾ ವೈ ಹೊನೊ ಇ ತೆ ಪೊ ಸಿಂಹಾಸನದಲ್ಲಿ ಕುಳಿತಳು. ಬಳಿಕ ಕೆತ್ತನೆಯ ದೋಣಿಗಳು ಅರಸನನ್ನು ವೈಕಾಟೊ ನದಿಯ ಮೇಲೆ ತಾವುಪಿರಿ ಬೆಟ್ಟದ ಕಡೆಗೆ ಒಯ್ದವು. ಹೂಳಿ ಬಂದವರಿಗೆ ಉಣಬಡಿಸುವುದು ಕ್ರಮ. ಅಂಗಳದ ಆ ದೊಡ್ಡ ಊಟದ ಮನೆಯ ಹೆಸರು ಕಿಮಿಯೊರಾ. 'ಆರೋಗ್ಯವನ್ನು ಅರಸು' ಎಂದು ಅದರ ಅರ್ಥ.