ಉಳಿಸಿಟ್ಟ ಪುಟ ಬದಲಾಗದು

ಮಲೆನಾಡಿನ ನಮ್ಮೂರಿನಲ್ಲಿ ಮಳೆಗಾಲದಲ್ಲಿ ವಿದ್ಯುತ್ತಿನೊಡನೆ ನೆಟ್‌ವರ್ಕ್ ಸಹ ಮಾಯವಾಗುತ್ತದೆ. ಆದ್ದರಿಂದ ಪೇಟೆಗೆ ಹೋದಾಗಲೆಲ್ಲ ಓದಬೇಕಾದ ಲೇಖನಗಳನ್ನು ಮೊಬೈಲಿನಲ್ಲಿ ಉಳಿಸಿಕೊಂಡು ಬರುವುದು ನನ್ನ ರೂಢಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕೆಗಳನ್ನು ಒತ್ತಿ, ಕೆಳಮುಖ ಬಾಣದ ಗುರುತನ್ನು ಮುಟ್ಟಿದರೆ ಪುಟವು ಡೌನ್‌ಲೋಡ್‌ಗಳ ಪಟ್ಟಿಯನ್ನು ಸೇರುತ್ತದೆ. ಬಳಿಕ ಅಂತರ್ಜಾಲವಿಲ್ಲದೆಯೂ ತೆರೆಯುತ್ತದೆ. ಮೂಲ ತಾಣದಿಂದ ಲೇಖನ ಅಳಿದರೂ ನಮ್ಮ ಪ್ರತಿ ಉಳಿಯುತ್ತದೆ.

ಆದರೆ ಆ ಪ್ರತಿ ತಾನಾಗಿ ಬದಲಾಗುವುದಿಲ್ಲ. ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ವಿದ್ಯಾರ್ಥಿವೇತನದ ಪ್ರಕಟಣೆಯನ್ನು ಹೀಗೆ ಉಳಿಸಿಟ್ಟಿದ್ದನು. ಅನಂತರ ತಾಣದಲ್ಲಿ ಕೊನೆಯ ದಿನಾಂಕ ಮುಂಚಿತವಾಯಿತು. ಅವನ ಪ್ರತಿಯಲ್ಲಿ ಹಳೆಯದೇ ಇತ್ತು. ಅರ್ಜಿಯ ಅವಕಾಶ ತಪ್ಪಿತು.

ಪ್ರಿಯ ಹೆತ್ತವರೇ, ಪಾಠ, ಪ್ರಬಂಧ, ಕಥೆಗಳನ್ನು ಮಕ್ಕಳಿಗಾಗಿ ಧಾರಾಳವಾಗಿ ಉಳಿಸಿಡಿರಿ. ದಿನಾಂಕ, ಶುಲ್ಕ, ನಿಯಮಗಳಿರುವ ಪುಟವಾದರೆ, ಸಂಪರ್ಕ ದೊರೆತಾಗ ಮೂಲವನ್ನು ಮತ್ತೊಮ್ಮೆ ತೆರೆದು ನೋಡಿರಿ.